ಆಡ್ತೀನಿ ಅಂತ ಬರ್ಕೊ

ಯಾರ ಹೆಸರನ್ನೂ ಹಿಡಿದು ಇನ್ನು ಹಾಡುವುದಿಲ್ಲ ಎಂದು ಪಟ್ಟಲಮ್ಮ ಗಂಡನಿಗೆ ಮಾತು ಕೊಟ್ಟದ್ದು ಮಗಳು ರಂಜನಿ ಇನ್ನೂ ಮೊಲೆ ಬಿಡದ ಕೂಸಾಗಿದ್ದಾಗ. ಮಾತು ಕೊಡುವಾಗ ಗಂಡ ನಾಗಯ್ಯ ಬೋರಲು ಮಲಗಿದ್ದ. ಬೆನ್ನು ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಪಟ್ಟಲಮ್ಮ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡುತ್ತಿದ್ದಳು.

ಆದದ್ದಿಷ್ಟು. ನಿಡಘಟ್ಟದ ದೊಡ್ಡ ಮನೆಯೊಂದರ ಮದುವೆಗೆ ಸೋಬಾನೆ ಹಾಡಲು ಕಾಲೋನಿಯ ಹೆಂಗಸರನ್ನು ಕರೆಸಿದ್ದರು. ಹಾಡಿಸಿಕೊಂಡರು. ಊಟಕ್ಕೆ ಮಾತ್ರ ಚಪ್ಪರದ ಆಚೆ, ಎಂಜಲೆಲೆ ಬಿಸಾಡುವ ಜಾಗದ ಪಕ್ಕ ಕೂರಿಸಿದರು. ಅಲ್ಲಿಗೆ ಬರುವಷ್ಟರಲ್ಲಿ ಸಾರು ತಿಳಿನೀರಾಗಿತ್ತು. ಬೀಗರನ್ನು ಹಾಡಿನಲ್ಲಿ ಹಂಗಿಸುವುದು ಮದುವೆಯ ಪದ್ಧತಿ. ಹಂಗಿಸಿಕೊಂಡವರು ನಗಬೇಕು, ಹಾಡಿದವರಿಗೆ ಎಲೆ ಅಡಿಕೆ ಕೊಡಬೇಕು. ಪಟ್ಟಲಮ್ಮ ಆ ಪದ್ಧತಿಯನ್ನು ನಂಬಿಬಿಟ್ಟಳು. ಗಂಡಿನ ಅಪ್ಪನ ಹೆಸರು ಹಿಡಿದು, ಇವನ ಮನೆ ಸಾರಿನಲ್ಲಿ ಬೇಳೆ ಹುಡುಕಬೇಕಾದರೆ ಈಜು ಕಲಿತಿರಬೇಕು ಎಂದು ಹಾಡಿದಳು. ಚಪ್ಪರವೆಲ್ಲ ನಕ್ಕಿತು. ಅವನೂ ನಕ್ಕ. ಆಮೇಲೊಂದು ದಿನ ನಾಗಯ್ಯ ತೋಟದಲ್ಲಿ ಎಳನೀರು ಇಳಿಸುತ್ತಿದ್ದಾಗ ಗಂಡಿನ ಅಪ್ಪನ ಕಡೆಯವರು ಬಂದರು. ಮರಕ್ಕೆ ಒರಗಿಸಿ ಹೊಡೆದರು. ಹೆಂಡತಿ ಬಾಯಿ ಅಳತೆ ಮೀರಿದರೆ ಗಂಡನ ಬೆನ್ನಲ್ಲಿ ಅಳೆಯುತ್ತೇವೆ ಅಂದರು.

"ಆಡು, ಬ್ಯಾಡ ಅನ್ನಕಿಲ್ಲ. ಎಸ್ರು ಮಾತ್ರ ಆಕ್ಬ್ಯಾಡ," ಅಂದ ನಾಗಯ್ಯ, ಚಾಪೆಯೊಳಕ್ಕೆ ಮುಖ ಒತ್ತಿಕೊಂಡು. "ನಿನ್ ಬಾಯಿಗೆ ಬಂದದ್ದು ನನ್ ಬೆನ್ಗೆ ಬೀಳ್ತದೆ."

"ಆಕಲ್ಲ ಬುಡು," ಅಂದಳು ಪಟ್ಟಲಮ್ಮ.

ಅಲ್ಲಿಂದಾಚೆಗೆ ಅವಳು ದೇವರುಗಳ ಹೆಸರು ಹಿಡಿದಳು. ದೇವರನ್ನು ಎಷ್ಟು ಹಂಗಿಸಿದರೂ ಅವನು ತೋಟಕ್ಕೆ ಬಂದು ಹೊಡೆಯುವುದಿಲ್ಲ.

ಈಗ ನಾಗಯ್ಯ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುತ್ತಾನೆ. ಮುಂಬಯಿಗೆ, ದಿಲ್ಲಿಗೆ ಹೋಗುವ ಲಾರಿಗಳು. ದಿಲ್ಲಿಯವರ ಬಾಯಾರಿಕೆ ಅವನ ಬೆನ್ನ ಮೇಲೆ ಹಾದು ಹೋಗುತ್ತದೆ. ಆ ಬೆನ್ನು ಈಗ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಭಾರ ಎತ್ತಬೇಡ ಅಂದರು. ಹಾಗಾದರೆ ಏನೆತ್ತಲಿ ಎಂದು ಇವನು ಕೇಳಿದ್ದಕ್ಕೆ ಮುಂದಿನವರನ್ನು ಕರೆದರು.

ಅವನಿಗೆ ಬೇಕಾದದ್ದು ಒಂದು ತಳ್ಳುಗಾಡಿ. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸಿ, ನಿಂತ ಕಡೆಯೇ ಎಳನೀರು ಕೊಚ್ಚಿ ಕೊಡುವುದು. "ಇಷ್ಟ್ ವರ್ಸ ನಾನ್ ಒತ್ತಿದ್ದಾಯ್ತು. ಇನ್ಮ್ಯಾಲೆ ಗಾಡಿ ಒರ್ಲಿ," ಅನ್ನುತ್ತಿದ್ದ. ಗಾಡಿಗೆ ದುಡ್ಡಿರಲಿಲ್ಲ. ಪಟ್ಟಲಮ್ಮನ ಹೆಸರಿನಲ್ಲಿ ಹೆಂಗಸರ ಸಂಘದ ಮೂಲಕ ಸಾಲ ಕೇಳಿದ್ದರು.

ಪಟ್ಟಲಮ್ಮ ದುಡಿಯುವುದು ಸೋಮನಹಳ್ಳಿಯ ತೆಂಗಿನ ನಾರಿನ ಕಾರ್ಖಾನೆಯಲ್ಲಿ. ಯಂತ್ರ ಕಾಯಿಮಟ್ಟೆಯನ್ನು ಹಿಂಜಿ ನಾರು ಉಗುಳುತ್ತದೆ. ಹೆಂಗಸರು ಅದನ್ನು ಬಾಚಬೇಕು, ಹೊರಬೇಕು, ಬಿಸಿಲಿಗೆ ಹರಡಬೇಕು, ತಿರುವಬೇಕು, ಮತ್ತೆ ಬಾಚಬೇಕು. ಪುಡಿ ಕಣ್ಣಿಗೆ, ಮೂಗಿಗೆ, ರವಿಕೆಯ ಒಳಕ್ಕೆ. ಕೆಮ್ಮಿದರೆ ಕಫವೂ ಕಂದು. ಉಚ್ಚೆಗೆ ಹೋಗಬೇಕಾದರೆ ಮೇಸ್ತ್ರಿಯ ಮುಖ ನೋಡಬೇಕು. ಆ ಮುಖ ನೋಡಿದರೆ ಬಂದ ಉಚ್ಚೆಯೂ ವಾಪಸು ಹೋಗುತ್ತದೆ. ಇಷ್ಟರ ನಡುವೆಯೂ ಅವಳ ಗಂಟಲು ಉಳಿದಿತ್ತು. ಅಮ್ಮ ನಾರು ತಿರುವುತ್ತ ಹಾಡಿದ್ದನ್ನು ರಂಜನಿ ಒಂದು ಸಲ ಫೋನಿನಲ್ಲಿ ಹಿಡಿದು ಊರಿಗೆಲ್ಲ ಬಿಟ್ಟಳು. ಕಂಡು ಕೇಳರಿಯದವರೆಲ್ಲ ಮೆಚ್ಚಿ ಹೆಬ್ಬೆಟ್ಟು ಒತ್ತಿದರು. ಆಮೇಲೆ ಪ್ರತಿ ವಾರ ಹಾಡಿಸಿ ಹಾಡಿಸಿ ಹಾಕಿದಳು. ಕಾರ್ಖಾನೆಯಲ್ಲಿ ಕೂಡ ಗೆಳತಿಯರು "ಆನ್ಲೈನ್ ಪಟ್ಟಲಮ್ಮ" ಅನ್ನತೊಡಗಿದರು. ಅವಳಿಗೆ ಒಳಗೊಳಗೇ ಜಂಬ.

ಸಂಘದ ಮೀಟಿಂಗು ನಡೆಯುವುದು ನಿಡಘಟ್ಟದ ಪಂಕಜಮ್ಮನ ಮನೆ ಜಗಲಿಯಲ್ಲಿ. ಪಂಕಜಮ್ಮ ಸಂಘದ ಮುಖಂಡೆ, ತೀರಿಹೋದ ಮೇಷ್ಟರ ಹೆಂಡತಿ. ಜಗಲಿಯಲ್ಲಿ ಎಂದರೆ ಪಂಕಜಮ್ಮ ಜಗಲಿಯ ಮೇಲೆ, ಕುರ್ಚಿಯಲ್ಲಿ. ಉಳಿದವರು ಕೆಳಗೆ, ಅಂಗಳದ ನೆಲದಲ್ಲಿ. ಮನೆಯೊಳಗೆ ಅವರ ಮಗ ಶ್ರೀಕಾಂತ. ಮಂಡ್ಯದಲ್ಲಿ ಏನೋ ಓದಿ ಬಂದವನು. ಈಚೆಗೆ ಅವನಿಗೆ ಮಾಡಲು ಇದ್ದ ಕೆಲಸ ಒಂದೇ, ಫೋನಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುವುದು.

ಅವನು ಯಾರ ದುಡ್ಡಿನಲ್ಲಿ ಆಡಿದ ಎನ್ನುವುದು ಅಂಗಳದಲ್ಲಿ ಕೂರುವ ಎಲ್ಲರಿಗೂ ಗೊತ್ತಿತ್ತು. ಹಿತ್ತಲಿನ ಬಾಡಿಗೆ ಕೋಣೆಯಲ್ಲಿರುವ ಕುಲ್ಸುಮ್ ರವಿಕೆ ಹೊಲಿಯುತ್ತಾಳೆ. ಕಳೆದ ವರ್ಷ ಪಂಕಜಮ್ಮ ಅವಳ ಹತ್ತಿರ ಬಂದು, "ನಿನ್ನ ಹೆಸರಲ್ಲಿ ಸಂಘದ ಸಾಲ ತೆಗೆದುಕೊಡೇ, ಕಂತು ನಾವು ಕಟ್ಟುತ್ತೇವೆ" ಅಂದಿದ್ದರು. ಮನೆ ಕೊಟ್ಟವರಿಗೆ ಇಲ್ಲವೆನ್ನುವುದು ಹೇಗೆ. ತೆಗೆದುಕೊಟ್ಟಳು. ಶ್ರೀಕಾಂತ ಅದನ್ನು ಹಬ್ಬ ಬರುವಷ್ಟರಲ್ಲಿ ಮುಗಿಸಿದ. ಈಗ ಕುಲ್ಸುಮ್ ಹೊಲಿದು ಹೊಲಿದು ಕಟ್ಟುತ್ತಿದ್ದಾಳೆ. ಕೇಳಿದರೆ ಪಂಕಜಮ್ಮ ಬಾಡಿಗೆಯ ಮಾತೆತ್ತುತ್ತಾರೆ.

ಆ ಸೋಮವಾರ ಸಾಲದ ಕಂಪನಿಯ ಹೊಸ ಹುಡುಗ ಸಂಪತ್ ಕುಮಾರ ಟ್ಯಾಬು ಹಿಡಿದು ಬಂದ. ಮೈಸೂರು ಪಟ್ಟಣದಲ್ಲಿ ಬೆಳೆದವನು. ಇಸ್ತ್ರಿ ಷರಟು, ಕುತ್ತಿಗೆಗೆ ಕಾರ್ಡು.

"ಹೊಸ ನಿಯಮ ಬಂದಿದೆ," ಅಂದ. "ಸಾಲದ ಹಣ ಆನ್‌ಲೈನ್ ಜೂಜಿಗೆ ಹೋಗ್ತಾ ಇದೆ. ಇನ್ನು ಮೇಲೆ ಜೂಜಾಡೋ ಮನೆಗೆ ಸಾಲ ಇಲ್ಲ. ಒಬ್ಬೊಬ್ಬರಾಗಿ ಕೇಳ್ತೀನಿ, ನಿಜ ಹೇಳಬೇಕು."

ನಿಯಮದಲ್ಲಿ ತಪ್ಪೇನಿರಲಿಲ್ಲ. ಊರಿನ ಗಂಡಸರು ಇಸ್ಪೀಟು ಕಟ್ಟೆ ಬಿಟ್ಟು ಫೋನಿನೊಳಗೆ ಹೊಕ್ಕು ಬಹಳ ಕಾಲವಾಗಿತ್ತು. ಕಟ್ಟೆಯಲ್ಲಾದರೆ ಪೊಲೀಸರು ಬಂದು ಓಡಿಸುತ್ತಿದ್ದರು, ಓಡುವುದರಲ್ಲಾದರೂ ಮೈಗೆ ವ್ಯಾಯಾಮ ಆಗುತ್ತಿತ್ತು. ಈಗ ಅದೂ ಇಲ್ಲ. ಆದರೆ ಕಂಪನಿ ಆಡುವ ಗಂಡಸರನ್ನು ಕೇಳಲಿಲ್ಲ. ನಾರು ಬಾಚುವ, ಬಟ್ಟೆ ಹೊಲಿಯುವ, ಹಸುವಿನ ಕೆಚ್ಚಲು ತೊಳೆಯುವ ಹೆಂಗಸರನ್ನು ಸಾಲಾಗಿ ಕೂರಿಸಿ ಕೇಳಿತು.

ಮೊದಲು ಪಂಕಜಮ್ಮನನ್ನು ಕೇಳಿದ. ಕುರ್ಚಿಯ ಹತ್ತಿರ ಹೋಗಿ, ತುಸು ಬಾಗಿ ಕೇಳಿದ.

"ನಮ್ಮನೇಲಿ ಅಂಥದ್ದೆಲ್ಲ ಇಲ್ಲಪ್ಪ. ಮೇಷ್ಟರ ಮನೆ ಇದು," ಅಂದರು ಪಂಕಜಮ್ಮ. ಒಳಗೆ ಶ್ರೀಕಾಂತನ ಫೋನು ಟಿಣ್ ಅಂದಿತು. ಕುಲ್ಸುಮ್ ನೆಲ ನೋಡಿದಳು. ಸಂಪತ್ ಕುಮಾರ ಟ್ಯಾಬಿನ ಮೇಲೆ ಬೆರಳೊತ್ತಿದ. ಹಸಿರು ಬಂತು.

ಆಮೇಲೆ ಅಂಗಳಕ್ಕಿಳಿದು ಪಟ್ಟಲಮ್ಮನ ಮುಂದೆ ನಿಂತ. ತಲೆ ಎತ್ತಲಿಲ್ಲ. "ನಿಮ್ಮ ಮನೇಲಿ ಯಾರಾದ್ರೂ ಆನ್‌ಲೈನ್‌ನಲ್ಲಿ ಆಡ್ತಾರಾ?"

ಪಟ್ಟಲಮ್ಮನ ಮುಖ ಅರಳಿತು. ಈ ಹುಡುಗನೂ ನೋಡಿದ್ದಾನೆ ಅಂದುಕೊಂಡಳು.

"ಊ ಸಾ. ನಾನೇ ಆಡ್ತೀನಿ."

"ನೀವೇ?" ಅಂದ. ಆಗಲೂ ತಲೆ ಎತ್ತಲಿಲ್ಲ. "ಯಾವಾಗಿಂದ?"

"ಚಿಕ್ಕುಡ್ಗಿಯಿಂದ್ಲೂವೆ. ನಮ್ಮವ್ವ ಕಲ್ಸಿದ್ದು. ಫೋನಲ್ಲಿ ಬಂದದ್ದು ಈಗ್ಗೆ ಒಂದ್ ವರ್ಸ ಆಯ್ತೇನೋ."

"ಒಬ್ಬರೇ ಆಡ್ತೀರಾ, ಗುಂಪಲ್ಲಾ?"

"ಗುಂಪಿದ್ರೇ ಅಲ್ವಾ ಸಾ ಚೆಂದ. ಒಬ್ಳು ಎತ್ಬೇಕು, ಇನ್ನೊಬ್ಳು ಇಡ್ಕಬೇಕು. ಎತ್ತಿದ್ದು ಸರ್ಯಾಗಿ ಬೀಳ್ನಿಲ್ಲ ಅಂದ್ರೆ ಎಲ್ಲ ಕೆಟ್ಟೋಯ್ತದೆ."

"ದುಡ್ಡು ಬರುತ್ತಾ?"

"ಮದ್ವೆ ಮನೇಲಿ ಆಡುದ್ರೆ ಸೀರೆ ಕೊಡ್ತಾರೆ. ಫೋನಲ್ಲೇನ್ ಬಂದದು, ಬರೀ ಎಬ್ಬೆಟ್ಟು."

"ರಾತ್ರಿ ಹೊತ್ತೂ ಆಡ್ತೀರಾ?"

"ಬೆಳಗಾನ ಆಡಿವ್ನಿ ಸಾ. ಕೇಳೋರಿರ್ಬೇಕು ಅಷ್ಟೆ."

ಕುಲ್ಸುಮ್ ಪಕ್ಕದಿಂದ ಸೆರಗೆಳೆದಳು. ತಡವಾಗಿತ್ತು. ಟ್ಯಾಬು ಕೆಂಪಾಯಿತು. ಪಟ್ಟಲಮ್ಮ ಜೂಜುಗಾರ್ತಿಯಾದಳು.

ಮದ್ದೂರಿನ ನಾಲಿಗೆಗೆ ಹಕಾರ ಅಂಟುವುದಿಲ್ಲ. ಹಳ್ಳಿ ಅಳ್ಳಿ, ಹಾಲು ಆಲು, ಹೆಂಡತಿ ಎಂಡ್ತಿ. ಹಾಡುವುದೂ ಆಡುವುದೇ. ಇಷ್ಟು ವರ್ಷ ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಕೇಳುವವರಿಗೆ ಗೊತ್ತಿರುತ್ತಿತ್ತು.

"ಆಡೋದು ಕಣಪ್ಪ, ಆಡೋದು," ಅಂದಳು ಪಟ್ಟಲಮ್ಮ, ಏನಾಗಿದೆ ಎಂದು ತಿಳಿದ ಮೇಲೆ. "ಸೋಬಾನೆ ಪದ. ಇಸ್ಪೀಟಲ್ಲ."

"ಹಾಡೋದು ಸಾರ್, ಹಾ, ಹಾ," ಅಂದಳು ಕುಲ್ಸುಮ್, ಅಷ್ಟನ್ನು ಉಸಿರು ಬಿಗಿದು ತಂದುಕೊಂಡು.

ರಂಜನಿಗೆ ಫೋನು ಮಾಡಿ, ಹಾಡಿದ್ದನ್ನೆಲ್ಲ ಕಳಿಸಲು ಹೇಳಿ ಅವನಿಗೆ ತೋರಿಸಿದರು. ಸಂಪತ್ ಕುಮಾರ ನೋಡಿದ. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನ ಮುಖದಲ್ಲಿ ಎಲ್ಲರಿಗೂ ಕಂಡಿತು. ಒಂದು ಗಳಿಗೆ ನಗುವುದಕ್ಕೂ ಹೊರಟ. ಆಮೇಲೆ ತಪ್ಪು ಬರೆದುಕೊಂಡವನು ತಾನೆಂದು ನೆನಪಾಗಿ ನಗು ನಿಲ್ಲಿಸಿದ.

"ಒಂದು ಸಲ ಮೇಲಕ್ಕೆ ಹೋದರೆ ತಿದ್ದೋಕಾಗಲ್ಲಮ್ಮ," ಅಂದ. "ನಾನು ತಪ್ಪು ಕೇಳಿಸಿಕೊಂಡೆ ಅಂತ ಮೇಲೆ ಬರೆದರೆ ನನ್ನ ಕೆಲಸಕ್ಕೆ ತೊಂದರೆ. ಇದಕ್ಕೊಂದು ದಾರಿ ಇದೆ. ತಪ್ಪೊಪ್ಪಿಗೆ ಕೊಡಿ. ಗುಂಪಿನ ಮುಂದೆ ನಿಂತು, ಜಾಮೀನು ಹಾಕೋ ಗಂಡನ್ನ ಪಕ್ಕ ನಿಲ್ಲಿಸಿಕೊಂಡು, 'ನಾನು ಜೂಜಾಡಿದ್ದು ತಪ್ಪು, ಇನ್ನು ಮುಂದೆ ಆಡಲ್ಲ' ಅಂತ ಹೇಳಿ. ವೀಡಿಯೊ ಕಳಿಸ್ತೀನಿ. ಕೆಂಪು ಹೋಗುತ್ತೆ. ಸಾಲ ಬರುತ್ತೆ. ಒಂದು ಮಾತು ತಾನೆ."

"ಆಡ್ದೆ ಇದ್ದದ್ನ ಆಡ್ದೆ ಅನ್ಲಾ?"

"ನೀವು ಹೇಳಿದ್ರೆ ನಿಮ್ಮದೇನು ಹೋಗುತ್ತೆ?"

ಪಂಕಜಮ್ಮ ಕುರ್ಚಿಯಿಂದಲೇ ಸೇರಿಸಿದರು. "ಹೇಳಿಬಿಡೇ, ಪಟ್ಟಲಮ್ಮ. ನೀನೊಬ್ಬಳು ಕೆಂಪಾದರೆ ಇಡೀ ಗುಂಪಿಗೆ ಸಾಲ ಇಲ್ಲವಂತೆ. ನಿಮ್ಮ ಜನಕ್ಕೆ ಇದೇನು ಹೊಸದಾ? ಹೆಂಡ ಆಯ್ತು, ಈಗ ಜೂಜು ಅಷ್ಟೆ."

ಪಟ್ಟಲಮ್ಮ ಸೆರಗು ಕೊಡವಿಕೊಂಡು ಎದ್ದಳು. ನಾರಿನ ಪುಡಿ ಉದುರಿತು.

"ಮುಂದಿನ್ ಸೋಮಾರ ಬತ್ತೀನಿ," ಅಂದಳು.

ಮನೆಯಲ್ಲಿ ನಾಗಯ್ಯ ಕೇಳಿ ಕೇಳಿ ನಕ್ಕ. ಬೆನ್ನು ಹಿಡಿದುಕೊಂಡು ನಕ್ಕ. "ಬೆಳಗಾನ ಆಡಿವ್ನಿ ಅಂದ್ಯಾ? ಅಂಗೇ ಅಂದ್ಯಾ?" ಎಂದು ಮತ್ತೆ ಕೇಳಿದ. ನಕ್ಕು ಮುಗಿದ ಮೇಲೆ ಬೆನ್ನನ್ನು ಗೋಡೆಗೆ ಆನಿಸಿ ಕೂತ. ಆಮೇಲೆ ಅಂದ, "ಏಳ್ಬುಡಮ್ಮಿ. ಗಾಡಿ ಬತ್ತದೆ."

"ನೀನೂ ಅಂಗೇ ಅಂತೀಯಲ್ಲ ಕಣಯ್ಯ."

"ನನ್ ಬೆನ್ನು ಅಂತದೆ. ನಾನಲ್ಲ."

ಅವನು ಏಳುವಾಗ ಗೋಡೆ ಹಿಡಿದು, ಮಂಡಿ ಹಿಡಿದು, ಕೊನೆಗೆ ಅವಳ ಭುಜ ಹಿಡಿದು ಎದ್ದ. ಆ ಕೈಯ ಭಾರ ಅವಳಿಗೆ ಗೊತ್ತು. ಹೇಳಿಬಿಡೋಣ ಅಂತಲೇ ಆ ವಾರ ಪೂರ್ತಿ ಅಂದುಕೊಂಡಳು. ನಾರು ತಿರುವುತ್ತ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು. ನಾನು ಜೂಜಾಡಿದ್ದು ತಪ್ಪು. ಇನ್ನು ಮುಂದೆ ಆಡಲ್ಲ. ಮೊದಲನೆಯದು ಸುಳ್ಳು. ಎರಡನೆಯದು, ಅವಳ ನಾಲಿಗೆಯಲ್ಲಿ, ಹಾಡುವುದನ್ನೇ ಬಿಡುತ್ತೇನೆ ಎಂಬ ಆಣೆ.

ಆ ವಾರವೇ ರಂಜನಿಯ ಫೋನಿಗೆ ಊರಿಲ್ಲದ ಹೆಸರಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ರಮ್ಮಿ ಆಡಿ, ಲಕ್ಷ ಗೆಲ್ಲಿ, ಆಡಲು ದುಡ್ಡಿಲ್ಲದಿದ್ದರೆ ಸಾಲ ನಾವೇ ಕೊಡುತ್ತೇವೆ, ಯಾವ ದಾಖಲೆಯೂ ಬೇಡ. ನಾಗಯ್ಯ ಅದನ್ನು ಓದಿಸಿ ಕೇಳಿದ. "ನೋಡಮ್ಮಿ, ಆಡೋರಿಗೆ ಗುಂಪೂ ಬ್ಯಾಡ, ಜಾಮೀನೂ ಬ್ಯಾಡ. ಗಾಡಿ ತಳ್ಳೋರ್ಗೆ ಮಾತ್ರ ಎಲ್ಲ ಬೇಕು," ಅಂದ.

ಸೋಮವಾರ ಬಂತು. ಅಂಗಳದಲ್ಲಿ ಹೆಂಗಸರು ಕೂತಿದ್ದರು. ಜಗಲಿಯಲ್ಲಿ ಪಂಕಜಮ್ಮ. ಶ್ರೀಕಾಂತ ಅವತ್ತು ಬಾಗಿಲಿಗೆ ಒರಗಿ ನಿಂತಿದ್ದ. ಜೂಜುಗಾರ್ತಿಯನ್ನು ನೋಡುವ ಆಸೆ ಅವನಿಗೂ ಇತ್ತು. ಸಂಪತ್ ಕುಮಾರ ಫೋನು ಅಡ್ಡ ಹಿಡಿದು, ಪಟ್ಟಲಮ್ಮನನ್ನು ಗೋಡೆಯ ಮುಂದೆ ನಿಲ್ಲಿಸಿದ. ನಾಗಯ್ಯನನ್ನು ಪಕ್ಕಕ್ಕೆ ನಿಲ್ಲಿಸಿದ.

"ತಲೆ ಮೇಲಿನ ಸೆರಗು ಸ್ವಲ್ಪ ಸರಿಸಿ. ಮುಖ ಕಾಣಬೇಕು. ಹೆಸರು ಹೇಳಿ, ಊರು ಹೇಳಿ, ಆಮೇಲೆ ತಪ್ಪು ಹೇಳಿ. ಕೈ ಮುಗಿದುಕೊಂಡು ಹೇಳಿದ್ರೆ ಒಳ್ಳೇದು."

ಪಟ್ಟಲಮ್ಮ ಸೆರಗು ಸರಿಸಿದಳು. ಕೈ ಎತ್ತಿದಳು. ಮುಗಿಯುವುದಕ್ಕೆಂದು ಎತ್ತಿದ ಕೈ ಅರ್ಧಕ್ಕೆ ನಿಂತಿತು.

"ಹೇಳಿ," ಅಂದ ಸಂಪತ್ ಕುಮಾರ.

"ಆಡ್ಲಾ?" ಅಂದಳು.

"ಹಾಂ?"

ಅವಳು ಹಾಡಿದಳು.

*ಸಾಲವ ಕೊಡಬಂದ ಸಂಪತ್ತು ಕುಮಾರ*
*ಕಿವಿಯೆಲ್ಲಿ ಇಟ್ಟು ಬಂದ್ಯಪ್ಪ, ಸೋ*
*ಕಿವಿಯೆಲ್ಲಿ ಇಟ್ಟು ಬಂದ್ಯಪ್ಪ ಮೈಸೂರ*
*ಬಸ್ಸಿನ ಸೀಟಲ್ಲಿ ಮರ್ತ್ಯೇನೋ, ಸೋ*

ಕೊನೆಯ "ಸೋ" ಅಂಗಳದಿಂದ ಎದ್ದಿತು. ಹೆಂಗಸರಿಗೆ ಅದು ಅಭ್ಯಾಸ. ಯಾರಾದರೂ ಎತ್ತಿದರೆ ಬಾಯಿ ತಾನಾಗಿ ಹಿಡಿದುಕೊಳ್ಳುತ್ತದೆ. ನಾಗಯ್ಯ ಬೆಚ್ಚಿ ಹೆಂಡತಿಯ ಕಡೆ ತಿರುಗಿದ. ಹೆಸರು ಬಂದಿತ್ತು.

"ನಿಲ್ಲಿಸಿ, ರೆಕಾರ್ಡ್ ಆಗ್ತಿದೆ," ಅಂದ ಸಂಪತ್ ಕುಮಾರ. ಪಟ್ಟಲಮ್ಮ ಅವನನ್ನು ಬಿಟ್ಟು ಜಗಲಿಯ ಕಡೆ ತಿರುಗಿದಳು.

*ಎತ್ತರದ ಜಗಲೀಲಿ ಕುರ್ಚೀಲಿ ಕುಂತೋಳೆ*
*ನಿನ್ ಮಗನ ಬೆಳ್ಳು ಸವೆದಾವೆ, ಸೋ*
*ನಿನ್ ಮಗನ ಬೆಳ್ಳು ಸವೆದದ್ದು ಗೇದಲ್ಲ*
*ಗಾಜಿನ ಮ್ಯಾಲೆ ಎಲೆ ತಿರುವಿ, ಸೋ*

ಪಂಕಜಮ್ಮ ಎದ್ದು ನಿಂತರು. "ಏನೇ ಇದು? ಯಾರ ಮಗನ ಬಗ್ಗೆ ಹೇಳ್ತಿದ್ದೀಯ?"

ಪಟ್ಟಲಮ್ಮ ನಿಲ್ಲಿಸಿದಳು. ಮುಂದಿನ ಸಾಲು ನಾಲಿಗೆಯ ತುದಿಯಲ್ಲಿತ್ತು. ಅದರಲ್ಲಿ ಕುಲ್ಸುಮಳ ಹೆಸರಿತ್ತು, ಕುಲ್ಸುಮಳ ಕೋಣೆಯಿತ್ತು. ಅದನ್ನು ಹಾಡುವ ಹಕ್ಕು ತನ್ನದಲ್ಲ. ಕುಲ್ಸುಮಳ ಕಡೆ ನೋಡಿದಳು.

ಕುಲ್ಸುಮ್ ನೆಲ ನೋಡುತ್ತಿರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು ಜಗಲಿಯನ್ನೇ ನೋಡುತ್ತಿದ್ದಳು.

"ಎಸ್ರು ಆಕಕ್ಕ," ಅಂದಳು. "ನಂದೂ ಆಕು. ಅವಂದೂ ಆಕು."

*ಕುಲ್ಸೂಮಿ ಒಲ್ದಂಥ ರವಿಕೇಯ ಊರು ತೊಟ್ಟಿತ್ತು*
*ಒಲ್ದ ಕಾಸು ಯಾರ ಪಾಲಾಯ್ತು, ಸೋ*
*ಒಲ್ದ ಕಾಸೆಲ್ಲ ಸಿರಿಕಾಂತರಾಯಂಗೆ*
*ರಾಜಂಗೆ ರಾಣೀನ ಜೋಡ್ಸೋಕೆ, ಸೋ*

ಈ ಸಲದ "ಸೋ" ಬೀದಿಗೆ ಕೇಳಿಸಿತು. ಎದುರು ಮನೆಯವರು ಬಾಗಿಲಿಗೆ ಬಂದರು. ಹಾಲು ಹಾಕಲು ಹೊರಟಿದ್ದವನು ಸೈಕಲ್ಲು ನಿಲ್ಲಿಸಿದ. ಯಾರೋ ನಕ್ಕರು, ಇನ್ನೊಬ್ಬರು ನಕ್ಕರು, ಆಮೇಲೆ ಅಂಗಳವೇ ನಕ್ಕಿತು. ಶ್ರೀಕಾಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಮನೆ ಖಾಲಿ ಮಾಡೇ," ಅಂದರು ಪಂಕಜಮ್ಮ, ಕುಲ್ಸುಮಳಿಗೆ.

"ಮಾಡ್ತೀನಿ ಅಮ್ಮಾರೆ. ನಾಳೇನೇ ಮಿಷನ್ ಎತ್ಕೊಂಡ್ ಓಯ್ತೀನಿ." ಕುಲ್ಸುಮ್ ಸಂಪತ್ ಕುಮಾರನ ಕಡೆ ತಿರುಗಿದಳು. "ಸಾರ್, ಇನ್ಮೇಲೆ ಕಂತು ಒಳಗವ್ನಲ್ಲ, ಅವನ್ನ ಕೇಳಿ. ಆಡಿದ್ದು ಅವನು. ಅವನು ಆಡಿದ್ದಕ್ಕೆ ನಾನು ಒಲೀಬೇಕು, ಇವಳು ತಪ್ಪೊಪ್ಕಬೇಕು. ಯಾವೂರ್ ನ್ಯಾಯ ಇದು? ನಾನ್ ಕಟ್ಟಲ್ಲ."

"ಸಹಿ ನಿಮ್ದು ಇದೆಯಲ್ಲಮ್ಮ."

"ಇರ್ಲಿ. ಕೋರ್ಟಿಗೆ ಕರೀರಿ. ಅಲ್ಲೂ ಇದನ್ನೇ ಏಳ್ತೀನಿ."

ಸಂಪತ್ ಕುಮಾರ ಫೋನನ್ನು ಕೆಳಗಿಳಿಸಿದ. ಅವನ ಷರಟಿನ ಕಂಕುಳು ಒದ್ದೆಯಾಗಿತ್ತು. ಮೇಲೆ ಏನು ಕಳಿಸುವುದೆಂದು ಅವನಿಗೆ ತಿಳಿಯಲಿಲ್ಲ. ಪಟ್ಟಲಮ್ಮನಿಗೆ ಕೊನೆಯ ಸಲ ಎಂಬಂತೆ ತಗ್ಗಿದ ದನಿಯಲ್ಲಿ ಹೇಳಿದ. "ಇದನ್ನ ಅಳಿಸ್ತೀನಿ. ಈಗಲೂ ಆ ಎರಡು ಮಾತು ಹೇಳಿಬಿಡಿ. ಇಲ್ದಿದ್ರೆ ಸಾಲ ಬರಲ್ಲ. ಗಾಡಿ ಬರಲ್ಲ. ನಿಮ್ಮ ಯಜಮಾನರನ್ನ ನೋಡಿ ಒಂದ್ಸಲ."

ಪಟ್ಟಲಮ್ಮ ನಾಗಯ್ಯನನ್ನು ನೋಡಿದಳು. ಅವನು ಗೋಡೆಗೆ ಕೈಯೂರಿ ನಿಂತಿದ್ದ. ಹೇಳು ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ.

"ಅಳಿಸ್ಬ್ಯಾಡ," ಅಂದಳು. "ಕಳ್ಸು. ನಿಮ್ ಸಾಯೇಬ್ರು ನೋಡ್ಲಿ. ಪಟ್ಟಲಮ್ಮ ಆಡ್ತೀನಿ ಅಂದ್ಲು ಅಂತ ಬರ್ಕೊ. ಓದ್ ವಾರಾನೂ ಆಡ್ದೆ, ಈವತ್ತೂ ಆಡ್ದೆ, ನಾಳೇನೂ ಆಡ್ತೀನಿ. ನನ್ ಬಾಯಿ ಮುಚ್ಸಿ ಆ ಬಾಗಿಲ ಇಂದೆ ಇರೋನ್ಗೆ ಅಸುರು ಬಣ್ಣ ಕೊಡ್ತೀರಾ? ತಕ್ಕೊಂಡೋಗು ನಿನ್ ಸಾಲ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳ ದಾಟಿದಳು. ನಾಗಯ್ಯ ಹಿಂದೆ ಬಂದ. ನಿಧಾನವಾಗಿ ಬಂದ, ಅವನ ಬೆನ್ನು ಬಿಟ್ಟಷ್ಟೇ ವೇಗ. ಕಾಲೋನಿಯ ತಿರುವಿನಲ್ಲಿ ಅವಳನ್ನು ಸೇರಿಕೊಂಡ.

"ಮಾತು ಕೊಟ್ಟಿದ್ದೆ ನೀನು," ಅಂದ.

"ಊ. ಕೊಟ್ಟಿದ್ದೆ."

"ಒಡ್ಯೋಕೆ ಬಂದ್ರೆ?"

"ಬರ್ಲಿ. ಆವತ್ತು ತೋಟದಲ್ಲಿ ನೀನೊಬ್ನೇ ಇದ್ದೆ. ಈಗ ನಾನೂ ಇರ್ತೀನಿ."

ನಾಗಯ್ಯ ಸ್ವಲ್ಪ ದೂರ ನಡೆದ. ಮೋಟು ಗೋಡೆಯೊಂದಕ್ಕೆ ಒರಗಿ ಸುಧಾರಿಸಿಕೊಂಡ.

"ಕಿವಿ ಮರ್ತದ್ದು ಬಸ್ಸಲ್ಲಿ ಅಂದ್ಯಲ್ಲ, ತೆಪ್ಪಾಯ್ತು ಕಣಮ್ಮಿ," ಅಂದ. "ಆ ಉಡ್ಗ ದಿನಾ ರೈಲಲ್ಲಿ ಬತ್ತಾನೆ."

ಸಾಲ ಬರಲಿಲ್ಲ. ಪಟ್ಟಲಮ್ಮನ ಗುಂಪನ್ನು ಕಂಪನಿ ತೆಗೆದುಹಾಕಿತು. ಕುಲ್ಸುಮ್ ಮಿಷನ್ ಸಮೇತ ಕಾಲೋನಿಯ ಪಕ್ಕದ ಬೀದಿಗೆ ಬಂದಳು, ಕಂತು ಕಟ್ಟಲಿಲ್ಲ. ನಾಗಯ್ಯ ಮಾರನೆಯ ದಿನವೂ ಲಾರಿಗೆ ಕಾಯಿ ತುಂಬಲು ಹೋದ. ಯಾರ ಹೆಸರನ್ನೂ ಹಿಡಿದು ಹಾಡುವುದಿಲ್ಲ ಎಂದು ಗಂಡನಿಗೆ ಕೊಟ್ಟಿದ್ದ ಮಾತನ್ನು ಪಟ್ಟಲಮ್ಮ ಮುರಿದಳು.